ಜಡ್ಜ್ ಸಾಹೇಬರಿಗೆ ಮಾಫಿ

‘ಅಮಾನತು’ ಅನ್ನೋ ಪದದ ಬಗ್ಗೆ ಯಾವತ್ತಾದರೂ ಯೋಚನೆ ಮಾಡಿದ್ದೀರಾ? ನೌಕರನನ್ನು ವಿಚಾರಣೆ ಮುಗಿಯೋವರೆಗೆ ಹೊರಗಿಟ್ಟರೆ ನಾವು ಕನ್ನಡದವರು ಅಮಾನತು ಅಂತೀವಿ. ಇಲ್ಲಿ ಹೈದರಾಬಾದಿನಲ್ಲಿ ಉರ್ದು ಮಾತಾಡೋರ ಮುಂದೆ ಹಾಗಂದರೆ ಮುಖ ನೋಡ್ತಾರೆ. ಅವರಿಗೆ ಅಮಾನತ್ ಅಂದರೆ ನಂಬಿ ಒಪ್ಪಿಸಿಟ್ಟ ವಸ್ತು, ಇನ್ನೊಬ್ಬರ ಗಂಟು. ಕೆಲಸದಿಂದ ಹೊರಗಿಡುವುದಕ್ಕೆ ಅವರ ಪದ ಮುಅತ್ತಲ್. ಅದೇ ಪದ ನಮ್ಮ ಕಡೆ ಬಂದು ಹೀಗೆ ತಿರುಗಿಕೊಂಡಿದೆ. ಆದರೂ ಯೋಚಿಸಿದರೆ ನಮ್ಮ ಅರ್ಥವೂ ಪೂರ್ತಿ ದೂರ ಹೋಗಿಲ್ಲ. ಅಮಾನತಿನಲ್ಲಿರೋ ಮನುಷ್ಯ ಒಂದು ಥರ ಗಂಟು ಕಟ್ಟಿ ಅಟ್ಟದ ಮೇಲಿಟ್ಟ ಸಾಮಾನೇ. ಇಟ್ಟವರೇ ಇಳಿಸಬೇಕು, ಬೇರೆಯವರು ಮುಟ್ಟೋ ಹಾಗಿಲ್ಲ.

2016ರ ಜೂನ್ ಕೊನೆಯಲ್ಲಿ ಈ ಊರಿನ ಹೈಕೋರ್ಟು ಹೀಗೆ ಹನ್ನೊಂದು ಜನ ನ್ಯಾಯಾಧೀಶರನ್ನು ಅಟ್ಟಕ್ಕೇರಿಸಿತು. ಜುಲೈನಲ್ಲಿ ತಾನೇ ಇಳಿಸಿತು. ನ್ಯಾಯಾಧೀಶರಿಗೆ ಶಿಸ್ತುಕ್ರಮ, ಆಮೇಲೆ ಮಾಫಿ. ಮೂವತ್ತಕ್ಕೂ ಹೆಚ್ಚು ವರ್ಷ ಈ ಊರಲ್ಲಿದ್ದೇನೆ, ಇಂಥದ್ದನ್ನು ನೋಡಿದ್ದು ಅದೊಂದೇ ಸಲ. ಆಗ ಪೇಪರಿನಲ್ಲಿ ಓದಿ ಮರೆತವರೇ ಹೆಚ್ಚು. ಆದರೆ ಅದರ ಬೇರು ಹಿಡಿದು ಹಿಂದಕ್ಕೆ ಹೋದರೆ ನಿಜಾಮರ ಕಾಲಕ್ಕೇ ಮುಟ್ಟುತ್ತೇವೆ, ನಮ್ಮ ಗುಲ್ಬರ್ಗ, ಬೀದರ, ರಾಯಚೂರನ್ನೂ ದಾಟಿಕೊಂಡು.

ಮೊದಲು ನಡೆದದ್ದೇನು ಅಂತ ಹೇಳಿಬಿಡ್ತೀನಿ. 2014ರ ಜೂನ್ 2ರಂದು ತೆಲಂಗಾಣ ಬೇರೆ ಆಯಿತು. ಸಚಿವಾಲಯ ಪಾಲಾಯಿತು, ಪೊಲೀಸ್ ಪಾಲಾಯಿತು, ಬಸ್ಸುಗಳೂ ಪಾಲಾದವು. ಹೈಕೋರ್ಟ್ ಮಾತ್ರ ಪಾಲಾಗಲಿಲ್ಲ. ಮೂಸಿ ನದಿ ದಂಡೆಯ ಅದೇ ಹಳೇ ಕಟ್ಟಡದಲ್ಲಿ, ಎರಡೂ ರಾಜ್ಯಗಳಿಗೆ ಸೇರಿದ ಒಂದೇ ಕೋರ್ಟು. ಹೆಸರು ಮಾತ್ರ ಉದ್ದ ಆಯಿತು. ಕೆಳಗಿನ ಕೋರ್ಟುಗಳ ನ್ಯಾಯಾಧೀಶರನ್ನು ಯಾರು ಆ ಕಡೆ, ಯಾರು ಈ ಕಡೆ ಅಂತ ಹಂಚಬೇಕಿತ್ತು. 2016ರ ಮೇ ತಿಂಗಳಲ್ಲಿ ಹೈಕೋರ್ಟು ಒಂದು ತಾತ್ಕಾಲಿಕ ಪಟ್ಟಿ ಹೊರಡಿಸಿತು. ಅದರಲ್ಲಿ ಆಂಧ್ರ ಮೂಲದ ನೂರಕ್ಕೂ ಹೆಚ್ಚು ಮಂದಿ ತೆಲಂಗಾಣಕ್ಕೆ ಬಂದಿದ್ದಾರೆ ಅನ್ನೋದು ಇಲ್ಲಿಯವರ ದೂರು. ಇವರು ಇಲ್ಲೇ ಉಳಿದರೆ ಸೀನಿಯಾರಿಟಿಯಲ್ಲಿ ನಮ್ಮ ಮೇಲೆ ಕೂರುತ್ತಾರೆ, ನಮಗೆ ಬಡ್ತಿ ಸಿಗೋ ಹೊತ್ತಿಗೆ ನಿವೃತ್ತಿಯ ವಯಸ್ಸಾಗಿರುತ್ತೆ, ನಾಳೆ ಹೈಕೋರ್ಟಿಗೆ ಹೋಗೋರೂ ಅವರೇ ಆಗ್ತಾರೆ ಅಂತ. ವಕೀಲರು ಮೊದಲು ಬೀದಿಗಿಳಿದರು. ಜೂನ್ 26, ಭಾನುವಾರ, ನ್ಯಾಯಾಧೀಶರೇ ಇಳಿದರು! ನೂರಕ್ಕೂ ಹೆಚ್ಚು ಜನ. ಅಸೆಂಬ್ಲಿ ಎದುರಿನ ಗನ್ ಪಾರ್ಕಿನಲ್ಲಿ, 1969ರ ಹುತಾತ್ಮರ ಸ್ಮಾರಕದ ಹತ್ತಿರ ಸೇರಿ, ಅಲ್ಲಿಂದ ರಾಜಭವನಕ್ಕೆ ಹೋಗಿ ರಾಜ್ಯಪಾಲ ನರಸಿಂಹನ್ ಅವರಿಗೆ ಮನವಿ ಕೊಟ್ಟರು. ರಾಜೀನಾಮೆ ಪತ್ರ ಬರೆದು ತಮ್ಮ ಸಂಘದ ಅಧ್ಯಕ್ಷರ ಕೈಗೆ ಕೊಟ್ಟಿದ್ದವರೂ ಇದ್ದರು.

ಮಾರನೇ ದಿನವೇ ಹೈಕೋರ್ಟು ತೆಲಂಗಾಣ ನ್ಯಾಯಾಧೀಶರ ಸಂಘದ ಅಧ್ಯಕ್ಷ ಕೆ. ರವೀಂದರ್ ರೆಡ್ಡಿ ಮತ್ತು ಕಾರ್ಯದರ್ಶಿ ವರಪ್ರಸಾದ್ ಅವರನ್ನು ಅಮಾನತಿನಲ್ಲಿಟ್ಟಿತು. ಅದರ ಮಾರನೇ ದಿನ ಇನ್ನೂ ಒಂಬತ್ತು ಜನ. ಆಗ ಉಳಿದ ಸುಮಾರು ಇನ್ನೂರು ಮಂದಿ ಹದಿನೈದು ದಿನದ ಸಾಮೂಹಿಕ ರಜೆ ಹಾಕಿದರು. ಮುಷ್ಕರ ಅಂತ ಕರೆಯೋ ಹಾಗಿಲ್ಲವಲ್ಲ, ಅದಕ್ಕೆ ರಜೆ.

ಇದರಲ್ಲಿ ಕನ್ನಡದ ಎರಡು ಎಳೆಗಳಿವೆ. ಆಗಿನ ಹಂಗಾಮಿ ಮುಖ್ಯ ನ್ಯಾಯಮೂರ್ತಿ ದಿಲೀಪ್ ಬಾಬಾಸಾಹೇಬ್ ಭೋಸಲೆ ಇಲ್ಲಿಗೆ ಬರುವ ಮುಂಚೆ ನಮ್ಮ ಕರ್ನಾಟಕ ಹೈಕೋರ್ಟಿನಲ್ಲಿದ್ದವರು. ದೆಹಲಿಯಲ್ಲಿ ಕಾನೂನು ಮಂತ್ರಿ ನಮ್ಮ ಡಿ.ವಿ. ಸದಾನಂದ ಗೌಡರು. ಮುಖ್ಯಮಂತ್ರಿ ಕೆಸಿಆರ್ ಹೈಕೋರ್ಟ್ ವಿಭಜನೆಗಾಗಿ ದೆಹಲಿಗೇ ಬಂದು ಧರಣಿ ಕೂರುತ್ತೇನೆ ಅಂತ ಗುಡುಗಿದಾಗ ಗೌಡರು, ಇದರಲ್ಲಿ ಕೇಂದ್ರದ ಪಾತ್ರ ಇಲ್ಲ, ಹೈಕೋರ್ಟು ಮತ್ತು ಎರಡು ರಾಜ್ಯ ಸರ್ಕಾರಗಳು ಕೂತು ತೀರ್ಮಾನ ಮಾಡಬೇಕು ಅಂದರು. ಇಲ್ಲಿಯ ತೆಲುಗು ಟಿವಿಗಳಲ್ಲಿ ಗೌಡರ ಮೇಲೆ ಬೈಗುಳವೋ ಬೈಗುಳ. ನಾನು ಆಫೀಸಿನಲ್ಲಿ ಎರಡು ದಿನ ಸುಮ್ಮನಿದ್ದೆ ಅನ್ನಿ. ನಿಮ್ಮವರೇ ಅಲ್ಲವಾ ಅಂತ ಕೇಳೋರು ಇದ್ದರು.

ಈಗ ನನ್ನ ಪ್ರಶ್ನೆಗೆ ಬರ್ತೀನಿ. ಒಬ್ಬ ನ್ಯಾಯಾಧೀಶರಿಗೆ ಶಿಕ್ಷೆಯಾದರೆ ಅವರಿಗೆ ಮಾಫಿ ಕೊಡೋ ಅಧಿಕಾರ ಯಾರದು?

ಕೊಲೆಗಾರನಿಗೆ ರಾಷ್ಟ್ರಪತಿ ಇದ್ದಾರೆ. ಸಂವಿಧಾನದ 72ನೇ ವಿಧಿಯಲ್ಲಿ ರಾಷ್ಟ್ರಪತಿಗೆ, 161ರಲ್ಲಿ ರಾಜ್ಯಪಾಲರಿಗೆ ಕ್ಷಮಾದಾನದ ಅಧಿಕಾರ ಇದೆ. ಆದರೆ ಅದು ಅಪರಾಧಕ್ಕೆ, ಕೋರ್ಟು ಕೊಟ್ಟ ಶಿಕ್ಷೆಗೆ. 2017ರಲ್ಲಿ ಕಲ್ಕತ್ತಾ ಹೈಕೋರ್ಟಿನ ನ್ಯಾಯಮೂರ್ತಿ ಕರ್ಣನ್ ಅವರಿಗೆ ಸುಪ್ರೀಂ ಕೋರ್ಟು ನಿಂದನೆ ಕೇಸಿನಲ್ಲಿ ಆರು ತಿಂಗಳ ಸಜೆ ಕೊಟ್ಟಾಗ ಅವರ ವಕೀಲರು ರಾಷ್ಟ್ರಪತಿಗಳ ಮೊರೆ ಹೋದರು. ಅದು ಫಲ ಕೊಡಲಿಲ್ಲ, ಅವರು ಆ ವರ್ಷ ಡಿಸೆಂಬರಿನಲ್ಲಿ ಬಿಡುಗಡೆಯಾದರು. ಆದರೆ ಇಲಾಖೆಯ ಶಿಸ್ತುಕ್ರಮ ಬೇರೆ ಜಾತಿ. ಅಮಾನತು, ಬಡ್ತಿ ತಡೆ, ಕಡ್ಡಾಯ ನಿವೃತ್ತಿ, ವಜಾ, ಇವಕ್ಕೆಲ್ಲ ಕ್ಷಮಾದಾನದ ಅರ್ಜಿ ಹಾಕೋಕೆ ಬರಲ್ಲ. ಕೆಳಗಿನ ಕೋರ್ಟುಗಳ ನ್ಯಾಯಾಧೀಶರೆಲ್ಲ 235ನೇ ವಿಧಿಯ ಪ್ರಕಾರ ಹೈಕೋರ್ಟಿನ ನಿಯಂತ್ರಣದಲ್ಲಿದ್ದಾರೆ. ವಜಾ ಆದೇಶಕ್ಕೆ ರಾಜ್ಯಪಾಲರ ಸಹಿ ಬೀಳುತ್ತೆ ನಿಜ, ಆದರೆ ಹೈಕೋರ್ಟ್ ಹೇಳಿದ ಹಾಗೆ. 1974ರಲ್ಲಿ ಪಂಜಾಬಿನ ಶಂಶೇರ್ ಸಿಂಗ್ ಕೇಸಿನಲ್ಲಿ ಏಳು ನ್ಯಾಯಮೂರ್ತಿಗಳ ಪೀಠ ಇದನ್ನು ಸ್ಪಷ್ಟ ಮಾಡಿತು. ಆ ತೀರ್ಪಿನಲ್ಲಿ ಒಂದು ಮಾತು ನನಗೆ ತುಂಬಾ ಹಿಡಿಸುತ್ತೆ. ಕೆಳಗಿನ ನ್ಯಾಯಾಧೀಶರು ಹೈಕೋರ್ಟಿನ ಕಡೆ ನೋಡೋದು ಶಿಸ್ತಿಗಾಗಿ ಮಾತ್ರ ಅಲ್ಲ, ತಮ್ಮ ಘನತೆಗಾಗಿಯೂ ಹೌದು ಅನ್ನೋ ಅರ್ಥದ್ದು. ತನ್ನ ಕೈಕೆಳಗಿನ ನ್ಯಾಯಾಧೀಶರ ಮೇಲಿನ ವಿಚಾರಣೆಯನ್ನು ಸರ್ಕಾರದ ವಿಜಿಲೆನ್ಸ್ ಇಲಾಖೆಗೆ ಒಪ್ಪಿಸಿದ್ದಕ್ಕೆ ಆ ಹೈಕೋರ್ಟನ್ನು ಪೀಠ ಚೆನ್ನಾಗಿ ತರಾಟೆಗೆ ತೆಗೆದುಕೊಂಡಿತ್ತು.

ಅಂದಮೇಲೆ, ಆ ನೂರು ಜನ ನ್ಯಾಯಾಧೀಶರು ಜೂನ್ 26ರಂದು ರಾಜಭವನಕ್ಕೆ ಹೋದದ್ದೇ ಒಂದು ವಿಪರ್ಯಾಸ. ಕಾನೂನು ಓದಿದವರು, ದಿನಾ ಅದರಲ್ಲೇ ಬದುಕೋರು. ರಾಜ್ಯಪಾಲರ ಹತ್ತಿರ ಈ ಬೀಗದ ಕೈ ಇಲ್ಲ ಅನ್ನೋದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿರುತ್ತೆ? ಆದರೂ ಹೋದರು. ಯಾಕೆ ಅಂದರೆ, ಪಟ್ಟಿ ಮಾಡಿದ್ದು ಹೈಕೋರ್ಟು. ಪಟ್ಟಿಯ ಮೇಲೆ ದೂರು ಕೊಡಬೇಕಾದ್ದೂ ಹೈಕೋರ್ಟಿಗೆ. ದೂರು ಕೊಟ್ಟಿದ್ದು ಜೋರಾಯಿತು ಅಂತ ಶಿಕ್ಷಿಸೋದೂ ಅದೇ. ಕೇಸು ಹಾಕಿದರೂ ಅದೇ ಕಟ್ಟಡದ ಇನ್ನೊಂದು ಕೋಣೆ, ಇಲ್ಲವೇ ದೆಹಲಿ.

ಇಂಥ ಪರಿಸ್ಥಿತಿ ಸುಮ್ಮನೆ ಬಂದದ್ದಲ್ಲ. ಇಲ್ಲಿಂದ ಮುಲ್ಕಿ ಕಥೆ ಶುರು.

ಮುಲ್ಕಿ ಅಂದರೆ ನಾಡಿನವನು, ಗೈರ್-ಮುಲ್ಕಿ ಅಂದರೆ ಹೊರಗಿನವನು. ಹೈದರಾಬಾದ್ ಸಂಸ್ಥಾನದ ನೌಕರಿ ಸಂಸ್ಥಾನದವರಿಗೇ ಸಿಗಬೇಕು, ಹೊರಗಿನವನು ಮುಲ್ಕಿ ಅನ್ನಿಸಿಕೊಳ್ಳಬೇಕಾದರೆ ಹದಿನೈದು ವರ್ಷ ಇಲ್ಲಿ ನೆಲೆಸಿರಬೇಕು ಅಂತ ನಿಜಾಮರ ಕಾಲದ 1919ರ ನಿಯಮ. ಸೇಡಂ ಕಡೆಯ ನಮ್ಮ ತಾತ ಮುಲ್ಕಿ, ಯಾಕೆಂದರೆ ಆಗ ಗುಲ್ಬರ್ಗ ನಿಜಾಮರದ್ದು. ಸೇಡಮ್ಮಿನ ಜಮೀನಿನ ವ್ಯಾಜ್ಯದ ಮೇಲ್ಮನವಿಯೂ ಇದೇ ಮೂಸಿ ದಂಡೆಯ ಹೈಕೋರ್ಟಿಗೆ ಬರಬೇಕಿತ್ತು. 1956ರ ನಂತರ ಹುಟ್ಟಿದ ನಾನು ಗೈರ್-ಮುಲ್ಕಿ! ಅದೇ ಊರು, ಅದೇ ಮನೆ. ಗಡಿ ಮಾತ್ರ ನಮ್ಮ ತಲೆ ಮೇಲಿಂದ ಹಾದುಹೋಯಿತು.

ಆ ಹೈಕೋರ್ಟಿನ ಕಟ್ಟಡವನ್ನು ನೋಡದವರು ಒಮ್ಮೆ ನಯಾಪುಲ್ ಮೇಲೆ ನಿಂತು ನೋಡಬೇಕು. ಈ ದಂಡೆಯಲ್ಲಿ ಕೋರ್ಟು, ಆ ದಂಡೆಯಲ್ಲಿ ಉಸ್ಮಾನಿಯಾ ಆಸ್ಪತ್ರೆ. (ಈ ಎರಡು ಕಟ್ಟಡಕ್ಕೂ ಹೋಗದೆ ಬದುಕು ಮುಗಿಸಿದವನೇ ಪುಣ್ಯವಂತ ಅಂತ ನನ್ನ ಹಳೇ ಮನೆ ಮಾಲೀಕರು ಹೇಳ್ತಿದ್ದರು.) 1920ರ ಏಪ್ರಿಲಿನಲ್ಲಿ ಮೀರ್ ಉಸ್ಮಾನ್ ಅಲಿ ಖಾನ್ ಅದನ್ನು ಉದ್ಘಾಟಿಸಿದರು. ಅದಾದ ಮರುವರ್ಷ, 1921ರಲ್ಲಿ, ಒಂದು ಫರ್ಮಾನು ಹೊರಡಿಸಿ ನ್ಯಾಯಾಂಗವನ್ನು ಆಡಳಿತದಿಂದ ಬೇರೆ ಮಾಡಿದರು. ಬ್ರಿಟಿಷರ ಪ್ರಾಂತ್ಯಗಳಲ್ಲಿ ಕಲೆಕ್ಟರನೇ ಮ್ಯಾಜಿಸ್ಟ್ರೇಟೂ ಆಗಿದ್ದ ಕಾಲ ಅದು. ನಿಜಾಮರ ಬಗ್ಗೆ ನಮ್ಮ ಕಡೆ ಹಿರಿಯರಿಗೆ ಹೇಳೋಕೆ ಬೇರೆ ಕಥೆಗಳೇ ಇವೆ, ರಜಾಕಾರರ ಕಾಲದ್ದು. ಅದು ಸುಳ್ಳಲ್ಲ, ಇದೂ ಸುಳ್ಳಲ್ಲ. ಒಂದು ವ್ಯತ್ಯಾಸ ಮಾತ್ರ ಗಮನಿಸಿ. ಅರಸರ ಕಾಲದಲ್ಲಿ ಎಲ್ಲರ ಮೇಲೂ ಒಬ್ಬ ಅರಸ ಇದ್ದ. ನ್ಯಾಯಾಧೀಶನೂ ಸೇರಿ ಯಾರಿಗೆ ಬೇಕಾದರೂ ಮಾಫಿ ಮಾಡೋ ಅಧಿಕಾರ ಅವನಿಗಿತ್ತು. ಪ್ರಜಾಪ್ರಭುತ್ವದಲ್ಲಿ ನ್ಯಾಯಾಂಗದ ಸ್ವಾತಂತ್ರ್ಯ ಕಾಪಾಡೋಕೆ ಅಂತ ಆ ಮೇಲಿನ ಕುರ್ಚಿಯನ್ನು ತೆಗೆದುಬಿಟ್ಟೆವು. ಸರಿಯಾಗಿಯೇ ತೆಗೆದೆವು. ಆದರೆ ಅದರ ಜೊತೆ ಮೇಲ್ಮನವಿಯ ಬಾಗಿಲೂ ಸಣ್ಣದಾಯಿತು.

ಪೊಲೀಸ್ ಕಾರ್ಯಾಚರಣೆಯ ನಂತರ ಹೊರಗಿನ ನೌಕರರು ತುಂಬಾ ಬಂದರು ಅಂತ 1952ರಲ್ಲಿ ಮುಲ್ಕಿ ಚಳವಳಿ ಆಯಿತು. ಆಗ ಗೋಲಿಬಾರ್ ಆದದ್ದು ಸಿಟಿ ಕಾಲೇಜಿನ ಹತ್ತಿರ, ಅಂದರೆ ಹೈಕೋರ್ಟಿನ ಪಕ್ಕದಲ್ಲೇ. ಅದರ ವಿಚಾರಣೆ ಮಾಡಿದ್ದು ಅದೇ ಹೈಕೋರ್ಟಿನ ನ್ಯಾಯಮೂರ್ತಿ ಪಿಂಗಳಿ ಜಗನ್ಮೋಹನ ರೆಡ್ಡಿ. 1956ರಲ್ಲಿ ಸಂಸ್ಥಾನ ಮೂರು ಪಾಲಾಯಿತು, ನಾವು ಮೈಸೂರಿಗೆ ಬಂದೆವು. ತೆಲಂಗಾಣ ಆಂಧ್ರದ ಜೊತೆ ಹೋಯಿತು. 1969ರಲ್ಲಿ ಮತ್ತೆ ಬೆಂಕಿ. 1972ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಮುಲ್ಕಿ ನಿಯಮ ಊರ್ಜಿತ ಅಂದಾಗ ಆಂಧ್ರದವರು ಜೈ ಆಂಧ್ರ ಅಂತ ಎದ್ದರು. ಕೊನೆಗೆ ಇಂದಿರಾ ಗಾಂಧಿಯವರ ಕಾಲದಲ್ಲಿ ಆರು ಅಂಶಗಳ ಒಪ್ಪಂದ, ಸಂವಿಧಾನಕ್ಕೆ 371-ಡಿ ವಿಧಿಯ ಸೇರ್ಪಡೆ, ಮತ್ತು ಸರ್ಕಾರಿ ನೌಕರರ ಜಗಳ ತೀರಿಸೋಕೆ ಅಂತಲೇ ಒಂದು ಆಡಳಿತ ನ್ಯಾಯಮಂಡಳಿ.

(ನಮ್ಮ ಕಲ್ಯಾಣ ಕರ್ನಾಟಕದ 371-ಜೆ ಇದರ ತಮ್ಮ. ಅವನು ಹುಟ್ಟೋಕೆ ಇನ್ನೂ ಸುಮಾರು ನಲವತ್ತು ವರ್ಷ ಬೇಕಾಯಿತು.)

ಇಲ್ಲಿಯವರೆಗೆ ಸರಿ. ಗುಮಾಸ್ತ, ಇಂಜಿನಿಯರು, ಮೇಷ್ಟ್ರು, ಎಲ್ಲರಿಗೂ ಆ ಮಂಡಳಿ ಇತ್ತು. ನ್ಯಾಯಾಧೀಶರಿಗೂ ಉಂಟಾ? ಈ ಪ್ರಶ್ನೆ ಬಂದದ್ದೂ ಹೈದರಾಬಾದಿನಿಂದಲೇ. ಅವಧಿಗೆ ಮುಂಚೆ ನಿವೃತ್ತಿ ಮಾಡಿಸಿದ ಹೈಕೋರ್ಟಿನ ಒಬ್ಬ ನೌಕರ ಎಲ್.ವಿ.ಎ. ದೀಕ್ಷಿತುಲು, ಜೊತೆಗೆ ಹಾಗೇ ಮನೆಗೆ ಕಳಿಸಿದ ಒಬ್ಬ ಸಬ್ ಜಡ್ಜ್, ಇಬ್ಬರೂ ಆ ಮಂಡಳಿಯ ಕದ ತಟ್ಟಿದ್ದರು. 1978ರಲ್ಲಿ ಸುಪ್ರೀಂ ಕೋರ್ಟು ಹೇಳಿತು: ಇಲ್ಲ, 371-ಡಿ ಮಂಡಳಿಗೆ ನ್ಯಾಯಾಧೀಶರ ಮೇಲೂ ಹೈಕೋರ್ಟ್ ಸಿಬ್ಬಂದಿಯ ಮೇಲೂ ಅಧಿಕಾರ ಇಲ್ಲ, ಸರ್ಕಾರ ನೇಮಿಸೋ ಮಂಡಳಿಗೆ ಅವರನ್ನು ಒಪ್ಪಿಸಿದರೆ ನ್ಯಾಯಾಂಗದ ಸ್ವಾತಂತ್ರ್ಯಕ್ಕೆ ಕುತ್ತು, ಅವರು ಹೈಕೋರ್ಟಿನ ನಿಯಂತ್ರಣದಲ್ಲೇ ಇರಬೇಕು. ತತ್ವಕ್ಕೆ ನೋಡಿದರೆ ಬಂಗಾರದಂಥ ತೀರ್ಪು. ಆದರೆ ಮುಲ್ಕಿ ಜಗಳಕ್ಕೆಂದೇ ಕಟ್ಟಿದ ಮನೆಯೊಳಗೆ ನ್ಯಾಯಾಧೀಶರಿಗೆ ಮಾತ್ರ ಪ್ರವೇಶ ಇಲ್ಲದಂತಾಯಿತು. ಹಾಗಾಗಿ 2016ರಲ್ಲಿ ಅದೇ ಜಗಳ ಕಪ್ಪು ಕೋಟು ಹಾಕಿಕೊಂಡು ಬಂದಾಗ ಅವರ ಮುಂದೆ ಇದ್ದದ್ದು ಹೈಕೋರ್ಟು ಮತ್ತು ಬೀದಿ.

ನ್ಯಾಯಾಧೀಶರು ಬೀದಿಗಿಳಿದದ್ದು ಸರಿಯಾ? ನನ್ನ ಮಟ್ಟಿಗೆ ಸರಿಯಲ್ಲ. ನಾಳೆ ಸರ್ಕಾರಕ್ಕೂ ಜನರಿಗೂ ಕೇಸು ನಡೆದಾಗ, ಗನ್ ಪಾರ್ಕಿನಲ್ಲಿ ಒಂದು ರಾಜ್ಯದ ಪರ ನಿಂತವರ ಮುಂದೆ ಇನ್ನೊಂದು ಕಡೆಯವನು ಯಾವ ಧೈರ್ಯದಿಂದ ನಿಲ್ಲಬೇಕು? ನನ್ನಂಥ ಗೈರ್-ಮುಲ್ಕಿಗಳು ಈ ಊರಲ್ಲಿ ಲಕ್ಷಗಟ್ಟಲೆ ಇದ್ದೇವೆ. ಅವರ ದೂರಿನಲ್ಲಿ ಹುರುಳಿತ್ತು, ಅದು ಬೇರೆ. ರಜೆಯ ಆ ದಿನಗಳಲ್ಲಿ ತೊಂದರೆ ಪಟ್ಟವರು ಯಾರೂ ಪಟ್ಟಿಯಲ್ಲಿ ಇರಲಿಲ್ಲ. ಜಾಮೀನಿಗೆ ಕಾದವರು, ಜೀವನಾಂಶದ ಕೇಸಿನ ಹೆಂಗಸರು, ಎಂಟು ವರ್ಷದಿಂದ ಬಾಡಿಗೆ ವ್ಯಾಜ್ಯ ನಡೆಸ್ತಿದ್ದ ನಮ್ಮ ಪಕ್ಕದ ಫ್ಲಾಟಿನ ಅಂಕಲ್. ಅಂಕಲ್ ಕೋರ್ಟಿನ ತನಕ ಹೋಗಿ ಬಂದು ಹೇಳಿದ್ದು ಒಂದೇ ಮಾತು: ‘ಜಡ್ಜಿಗೂ ವಾಯಿದಾ ಬಿತ್ತಪ್ಪಾ.’

ಜುಲೈನಲ್ಲಿ ಮಾತುಕತೆಗಳಾದವು, ರಜೆ ನಿಂತಿತು, ಹನ್ನೊಂದೂ ಜನರ ಅಮಾನತು ರದ್ದಾಯಿತು. ತಿಂಗಳ ಕೊನೆಗೆ ಭೋಸಲೆಯವರು ಅಲಹಾಬಾದಿನ ಮುಖ್ಯ ನ್ಯಾಯಮೂರ್ತಿಯಾಗಿ ಹೋದರು. ಕಾನೂನಿನ ಪ್ರಕಾರ ಅಮಾನತು ಶಿಕ್ಷೆಯೇ ಅಲ್ಲ, ಹಾಗಾಗಿ ಅದನ್ನು ಹಿಂತೆಗೆದುಕೊಳ್ಳೋದು ಕ್ಷಮಾದಾನವೂ ಅಲ್ಲ. ಅದು ಪುಸ್ತಕದ ಮಾತು. ಊರಿನವರ ಬಾಯಲ್ಲಿ ಅದು ಮಾಫಿಯೇ. ನನಗೆ ಕೇಳಿದರೆ ಅದು ಮಾಫಿಗಿಂತ ಹೆಚ್ಚಾಗಿ ರಾಜಿ. ಇನ್ನೂರು ಜನ ಒಟ್ಟಿಗೆ ಮನೆಯಲ್ಲಿ ಕೂತರೆ ಹನ್ನೊಂದು ಜನರನ್ನು ಅಟ್ಟದ ಮೇಲೆ ಎಷ್ಟು ದಿನ ಇಡೋಕಾಗುತ್ತೆ?

ಹಾಗಂತ ಇದೇ ಹೈಕೋರ್ಟು ಎಲ್ಲರಿಗೂ ಮೆತ್ತಗಾಯಿತು ಅಂದುಕೊಳ್ಳಬೇಡಿ. ಇದಕ್ಕೆ ನಾಲ್ಕು ವರ್ಷ ಮುಂಚೆ, 2012ರ ಮೇ ತಿಂಗಳಲ್ಲಿ, ಬಳ್ಳಾರಿಯ ಗಾಲಿ ಜನಾರ್ದನ ರೆಡ್ಡಿಯವರಿಗೆ ಓಬಳಾಪುರಂ ಗಣಿ ಕೇಸಿನಲ್ಲಿ ಇಲ್ಲಿಯ ಸಿಬಿಐ ವಿಶೇಷ ನ್ಯಾಯಾಧೀಶ ಪಟ್ಟಾಭಿರಾಮ ರಾವ್ ಜಾಮೀನು ಕೊಟ್ಟಿದ್ದು ನಿಮಗೆ ನೆನಪಿರಬಹುದು. ಹಣ ಪಡೆದು ಜಾಮೀನು ಕೊಟ್ಟರು ಅನ್ನೋ ಆರೋಪ ಬಂತು. ಮೇ 31ಕ್ಕೆ ಅಮಾನತು, ಜೂನಿನಲ್ಲಿ ಬಂಧನ. ಕಂಪ್ಲಿಯ ಅಂದಿನ ಶಾಸಕ ಸುರೇಶ್ ಬಾಬು ಕೂಡ ಬಂಧಿತರಾದರು. ಅಲ್ಲಿ ಮಾಫಿಯ ಮಾತು ಯಾರ ಬಾಯಲ್ಲೂ ಬರಲಿಲ್ಲ, ಬರಲೂಬಾರದಿತ್ತು. ಯಾವ ಸಂಘವೂ ರಜೆ ಹಾಕಲಿಲ್ಲ.

ಇನ್ನು ಹೈಕೋರ್ಟು, ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳ ಕಥೆಯೇ ಬೇರೆ. ಅವರನ್ನು ಅಮಾನತಿನಲ್ಲಿಡೋರೇ ಇಲ್ಲ. ಸಂಸತ್ತು ಮಹಾಭಿಯೋಗ ಮಾಡಬೇಕು. ನ್ಯಾಯಮೂರ್ತಿ ವಿ. ರಾಮಸ್ವಾಮಿಯವರ ಮೇಲಿನ ವಿಚಾರಣಾ ಸಮಿತಿಯಲ್ಲಿ ಇದೇ ಆಂಧ್ರ ಹೈಕೋರ್ಟಿನಿಂದ ಸುಪ್ರೀಂ ಕೋರ್ಟಿಗೆ ಹೋಗಿದ್ದ ಓ. ಚಿನ್ನಪ್ಪ ರೆಡ್ಡಿಯವರಿದ್ದರು. ಹದಿನಾಲ್ಕು ಆರೋಪಗಳಲ್ಲಿ ಹನ್ನೊಂದು ಸಾಬೀತಾಗಿವೆ ಅಂತ ಸಮಿತಿ ಹೇಳಿತು. 1993ರ ಮೇ 11ರಂದು ಲೋಕಸಭೆಯಲ್ಲಿ 196 ಮಂದಿ ಪರ ಮತ ಹಾಕಿದರು. ಕಾಂಗ್ರೆಸ್ ಮತ್ತು ಮಿತ್ರಪಕ್ಷಗಳ 205 ಮಂದಿ ಸುಮ್ಮನೆ ಕೂತರು. ಅಷ್ಟೇ, ಮುಗಿಯಿತು. ಹಾಗೇ 2016ರ ಡಿಸೆಂಬರಿನಲ್ಲಿ ಹೈದರಾಬಾದ್ ಹೈಕೋರ್ಟಿನ ನ್ಯಾಯಮೂರ್ತಿ ನಾಗಾರ್ಜುನ ರೆಡ್ಡಿಯವರ ವಿರುದ್ಧ ರಾಜ್ಯಸಭೆಯ 61 ಸದಸ್ಯರು ಸಹಿ ಮಾಡಿದರು, ಕೆಲವರು ಸಹಿ ವಾಪಸ್ ತೆಗೆದುಕೊಂಡು ಲೆಕ್ಕ ಐವತ್ತಕ್ಕಿಂತ ಕೆಳಗಿಳಿಯಿತು. ವಿಚಾರಣೆಯೇ ಶುರುವಾಗದ ಕಾರಣ ಅವರ ಮೇಲಿನ ಆರೋಪ ನಿಜವೋ ಸುಳ್ಳೋ ತೀರ್ಮಾನ ಆಗಲೇ ಇಲ್ಲ. ನಿರ್ದೋಷಿಯಾಗಿದ್ದರೆ ಅವರಿಗೂ ಅದು ಅನ್ಯಾಯವೇ.

ಕೆಳಗಿನ ಕೋರ್ಟಿನ ಒಂಟಿ ನ್ಯಾಯಾಧೀಶರಿಗೆ ಇದ್ಯಾವ ಸೌಲಭ್ಯವೂ ಇಲ್ಲ. ದೂರದ ತಾಲ್ಲೂಕಿನಲ್ಲಿ ಕೂತು, ಬಲಿಷ್ಠರ ವಿರುದ್ಧ ಆದೇಶ ಕೊಟ್ಟು, ಮೂಗರ್ಜಿಗೆ ಗುರಿಯಾದವರನ್ನು ಹೈಕೋರ್ಟು ಕಾಪಾಡಬೇಕು ಅಂತ 1988ರ ಈಶ್ವರ್ ಚಂದ್ ಜೈನ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಆದರೆ ಆ ಜೈನ್ ಕೂಡ ತಮ್ಮ ನೌಕರಿ ವಾಪಸ್ ಪಡೆಯೋಕೆ ಒಬ್ಬರೇ ದೆಹಲಿಯವರೆಗೆ ಹೋಗಬೇಕಾಯಿತು. ಹನ್ನೊಂದು ಜನರಿಗೆ ವಾರಗಳಲ್ಲಿ ಸಿಕ್ಕಿದ್ದು ಒಂಟಿಯವನಿಗೆ ವರ್ಷಗಳು. ನನಗೆ ಚುಚ್ಚೋದು ಮಾಫಿ ಕೊಟ್ಟದ್ದಲ್ಲ, ಈ ಲೆಕ್ಕ.

ಆ ಹನ್ನೊಂದು ಜನರಲ್ಲಿ ಮೊದಲ ಹೆಸರು, ರವೀಂದರ್ ರೆಡ್ಡಿಯವರದ್ದು, ಎರಡು ವರ್ಷದ ನಂತರ ಮತ್ತೆ ದೇಶದ ಪೇಪರುಗಳಲ್ಲೆಲ್ಲ ಬಂತು. ಅಷ್ಟು ಹೊತ್ತಿಗೆ ಅವರು ನಾಂಪಲ್ಲಿಯ ಎನ್‌ಐಎ ವಿಶೇಷ ಕೋರ್ಟಿನ ನ್ಯಾಯಾಧೀಶರು. 2007ರ ಮೇ 18ರ ಮೆಕ್ಕಾ ಮಸೀದಿ ಸ್ಫೋಟದ ಕೇಸು ಅವರ ಮುಂದಿತ್ತು. 2018ರ ಏಪ್ರಿಲ್ 16ರಂದು ಅಸೀಮಾನಂದ ಸೇರಿ ವಿಚಾರಣೆ ಎದುರಿಸಿದ ಐವರನ್ನೂ ಸಾಕ್ಷ್ಯ ಸಾಲದು ಅಂತ ಖುಲಾಸೆ ಮಾಡಿದರು. ಕೆಲವೇ ಗಂಟೆಗಳಲ್ಲಿ ವೈಯಕ್ತಿಕ ಕಾರಣ ಕೊಟ್ಟು ರಾಜೀನಾಮೆ ಬರೆದರು. ಊರೆಲ್ಲ ಅದೇ ಮಾತು, ಯಾಕೆ, ಏನು ಅಂತ. ಎರಡು ವರ್ಷದ ಹಿಂದೆ ಅವರನ್ನು ಹೊರಗೆ ಹಾಕಿದ್ದ ಅದೇ ಹೈಕೋರ್ಟು ಈ ಸಲ ರಾಜೀನಾಮೆ ತಿರಸ್ಕರಿಸಿ, ಕೆಲಸಕ್ಕೆ ವಾಪಸ್ ಬನ್ನಿ ಅಂತು.

ಮೂಲ ಜಗಳ ಅಷ್ಟರಲ್ಲಿ ದೆಹಲಿಗೆ ಹೋಗಿತ್ತು. ತೆಲಂಗಾಣ ನ್ಯಾಯಾಧೀಶರ ಸಂಘದ ಕೇಸಿನಲ್ಲಿ ಸುಪ್ರೀಂ ಕೋರ್ಟಿನ ತೀರ್ಪು 2018ರಲ್ಲಿ ಬಂತು. ಆ ವರ್ಷದ ಡಿಸೆಂಬರ್ 26ಕ್ಕೆ ರಾಷ್ಟ್ರಪತಿಗಳ ಆದೇಶ, 2019ರ ಜನವರಿ 1ರಿಂದ ಎರಡು ಹೈಕೋರ್ಟು. ಆಂಧ್ರದ ನ್ಯಾಯಮೂರ್ತಿಗಳೂ ಸಿಬ್ಬಂದಿಯೂ ನಾಲ್ಕೇ ದಿನದಲ್ಲಿ ಗಂಟುಮೂಟೆ ಕಟ್ಟಿ ಹೊರಡಬೇಕಾಯಿತು. ಫೈಲುಗಳನ್ನು ಹೊತ್ತು ವಿಜಯವಾಡದ ದಾರಿ ಹಿಡಿದರು.